ಕೆಂಪು ಬಟ್ಟೆ ಕಟ್ಟಿದ ಕಾಚಂಪುಳಿ ಮರಗಳು

ಯಾವುದು ಗಂಡು ಹೂವು, ಯಾವುದು ಹೆಣ್ಣು ಹೂವು ಎಂದು ಪುಸ್ತಕ ನೋಡಿ ಹೇಳುವುದು ಸುಲಭ. ಜಾರುವ ಇಳಿಜಾರಿನಲ್ಲಿ ನಿಂತು, ಒಂದು ಕೈಯಲ್ಲಿ ಕೊಂಬೆ ಬಗ್ಗಿಸಿ, ಇನ್ನೊಂದು ಕೈಯಲ್ಲಿ ಭೂತಗನ್ನಡಿ ಹಿಡಿದು ಹೇಳುವುದು ಬೇರೆ ವಿಷಯ. ಆ ವರ್ಷ ಫೆಬ್ರವರಿಯಲ್ಲಿ ಮಡಿಕೇರಿ ಹತ್ತಿರದ ಗಾಳಿಬೀಡಿನ ಒಂದು ಗುಡ್ಡದಲ್ಲಿ ನಾನು ಮಾಡುತ್ತಿದ್ದದ್ದು ಇದೇ ಕೆಲಸ. ಮೊದಲ ದಿನದಿಂದಲೇ ನನಗೆ ಗೊಂದಲವಿತ್ತು, ಕೆಲಸ ಮುಗಿದ ಮೇಲೂ ಅದು ಪೂರ್ತಿ ಹೋಗಿಲ್ಲ.

ಗುಡ್ಡದ ಕಥೆ ಇಷ್ಟು. ಮಳೆ ಹುಚ್ಚೆದ್ದ ಒಂದು ವರ್ಷ ಅದರ ಒಂದು ಮಗ್ಗುಲು ಕಾಫಿ ಗಿಡಗಳ ಸಮೇತ ಜಾರಿ ಕೆಳಗಿನ ತೋಡಿಗೆ ಬಿದ್ದಿತ್ತು. ಉಳಿದ ಮಗ್ಗುಲಿನ ಕೆಳಗೆ ತೋಟದ ಯಜಮಾನಿಯ ಮನೆ, ಪಕ್ಕದಲ್ಲಿ ಕೆಲಸದವರ ಸಾಲು ಮನೆಗಳ ಲೈನ್. ಯಜಮಾನಿ ಅರೆಭಾಷೆ ಗೌಡರ ಮನೆಯವರು, ಐವತ್ತು ದಾಟಿದವರು, ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿರುವವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಗುಡ್ಡ ಜಾರಿದ ಮೇಲೆ ಅಲ್ಲಿ ಮತ್ತೆ ಕಾಫಿ ಹಾಕಲು ಅವರಿಗೆ ಧೈರ್ಯ ಬರಲಿಲ್ಲ. ಆಗ ನಾನು ಕೆಲಸ ಮಾಡುವ ಸಣ್ಣ ಸಂಸ್ಥೆ ಅಲ್ಲಿ ನಾವು ‘ತಿನ್ನುವ ಕಾಡು’ ಎಂದು ಕರೆಯುವುದನ್ನು ಬೆಳೆಸಿಕೊಟ್ಟಿತು.

ತಿನ್ನುವ ಕಾಡು ಎಂದರೆ ಒಮ್ಮೆ ನೆಟ್ಟರೆ ಹತ್ತಾರು ವರ್ಷ ನಿಲ್ಲುವ, ಪ್ರತಿ ಎತ್ತರದಲ್ಲೂ ಬಾಯಿಗೆ ಏನಾದರೂ ಸಿಗುವ ತೋಟ. ಮೇಲೆ ಹಲಸು, ಕಾಡುಮಾವು. ಅದರ ಕೆಳಗೆ ಬೆಣ್ಣೆಹಣ್ಣು ಮತ್ತು ಕಾಚಂಪುಳಿ. ಇನ್ನೂ ಕೆಳಗೆ ಚಕ್ರಮುನಿ ಸೊಪ್ಪಿನ ಗಿಡ, ಗಾಂಧಾರಿ ಮೆಣಸು. ನೆಲದಲ್ಲಿ ಕೆಸ, ಅರಿಶಿನ, ಮದ್ದು ಸೊಪ್ಪು. ಅಂಚಿಗೆ ಬಿದಿರು. ಪ್ರತಿ ವರ್ಷ ನೆಲ ಅಗೆಯಬೇಕಾಗಿಲ್ಲ. ಬೇರು ಮಣ್ಣನ್ನು ಹಿಡಿದಿರುತ್ತದೆ, ಉದುರಿದ ಎಲೆ ನೆಲವನ್ನು ತಂಪಾಗಿಡುತ್ತದೆ, ಗಾಳಿಯ ಇಂಗಾಲ ಮರದೊಳಗೆ ಸೇರಿ ಅಲ್ಲೇ ಉಳಿಯುತ್ತದೆ. ಹವಾಮಾನ ಕೆಟ್ಟಿರುವ ಈ ಕಾಲಕ್ಕೆ ಇದೊಂದು ಸಣ್ಣ ಮದ್ದು ಎಂದು ನಾನು ಸಭೆಗಳಲ್ಲಿ ಹೇಳುತ್ತೇನೆ. ನಂಬಿಯೇ ಹೇಳುತ್ತೇನೆ. ಆದರೆ ವಾರಗಟ್ಟಲೆ ಮಳೆ ಕುಡಿದು ಊದಿದ ಗುಡ್ಡದ ಕೆಳಗೆ ನಿಂತಾಗ, ಮರದ ಬೇರು ಹಿಡಿಯುತ್ತದೋ ಅಥವಾ ಮರದ ಭಾರವೇ ಎಳೆದುಹಾಕುತ್ತದೋ ಎಂದು ನನಗೂ ಅನುಮಾನ ಬರುವುದುಂಟು.

ಈ ಅನುಮಾನವನ್ನು ಬಾಯಿ ಬಿಟ್ಟು ಹೇಳುತ್ತಿದ್ದವರು ಅಕ್ಕನ ಭಾವ, ಅಂದರೆ ಗಂಡನ ಅಣ್ಣ. ಕುಶಾಲನಗರದಲ್ಲಿ ಅವರಿಗೆ ಹಾರ್ಡ್‌ವೇರ್ ಅಂಗಡಿ. ಜಾಗ ಇಬ್ಬರದ್ದೂ ಜಂಟಿ. ಗುಡ್ಡದ ನೆತ್ತಿಯ ಸಮತಟ್ಟಿನಲ್ಲಿ ನಾಲ್ಕು ಕಾಟೇಜ್ ಕಟ್ಟಬೇಕು, ಅದಕ್ಕೆ ಗುಡ್ಡದ ಮಧ್ಯೆ ಜೆಸಿಬಿಯಲ್ಲಿ ರಸ್ತೆ ಕೊರೆಯಬೇಕು, ಕೊರೆದ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು ಎಂಬುದು ಅವರ ಯೋಜನೆ. ಕೆಟ್ಟವರಲ್ಲ. ಮರ ನಂಬಿ ಕೂರುವುದಕ್ಕಿಂತ ಗೋಡೆ ನಂಬುವುದು ಮೇಲು ಎಂದು ನಿಜವಾಗಿ ತಿಳಿದವರು. ಅಕ್ಕನಿಗೆ ಮಾತ್ರ ತನ್ನ ಮನೆಯ ಮೇಲಿನ ಗುಡ್ಡವನ್ನು ನಡುವಿನಲ್ಲಿ ಕೊಯ್ಯುವ ಮಾತು ಕೇಳಿದರೇ ಮೈ ಬಿಸಿಯಾಗುತ್ತಿತ್ತು. ಸುಗ್ಗಿ ಹಬ್ಬವಾದ ಹುತ್ತರಿಯ ಊಟದ ಹೊತ್ತಿಗೆ ಭಾವ, ಆ ಕಾಡಿನಿಂದ ಇಷ್ಟು ವರ್ಷದಲ್ಲಿ ಒಂದು ಬಾಟಲಿ ಕಾಚಂಪುಳಿಯಾದರೂ ಬಂತಾ ಎಂದು ಎಲ್ಲರೆದುರು ಛೇಡಿಸಿದರಂತೆ. ಅಕ್ಕ ಸಿಟ್ಟಿನಲ್ಲಿ ಪಂತ ಕಟ್ಟಿಬಿಟ್ಟರು. ಬರುವ ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಹಂದಿ ಸಾರಿಗೆ ಆ ಗುಡ್ಡದ ಕಾಚಂಪುಳಿಯನ್ನೇ ಹಾಕುತ್ತೇನೆ, ಹಾಕಿದರೆ ಗುಡ್ಡದ ಸುದ್ದಿಗೆ ಬರಬಾರದು, ಹಾಕದಿದ್ದರೆ ನಿಮ್ಮ ಜೆಸಿಬಿ ತನ್ನಿ ಎಂದರು. ಭಾವ ಒಪ್ಪಿದರು. ಮನೆಯವರೆಲ್ಲ ಸಾಕ್ಷಿ.

ನನಗೆ ಈ ಪಂತದ ವಿಷಯ ಗೊತ್ತಾದದ್ದು ಆಮೇಲೆ. ಮಲೆನಾಡಿನವರು ಉಪ್ಪಾಗೆ ಎನ್ನುವ ಮರವೇ ಈ ಕಾಚಂಪುಳಿ. ಹಣ್ಣಿನ ರಸ ಇಳಿಸಿ, ಕಪ್ಪಾಗುವವರೆಗೆ ಕುದಿಸಿದ ಹುಳಿಗೂ ಇಲ್ಲಿ ಅದೇ ಹೆಸರು, ಅದಿಲ್ಲದೆ ಹಂದಿ ಸಾರು ಇಳಿಯುವುದಿಲ್ಲ. ಬೀಜದಿಂದ ಬಂದ ಗಿಡಗಳಲ್ಲಿ ಗಂಡೂ ಇರುತ್ತದೆ, ಹೆಣ್ಣೂ ಇರುತ್ತದೆ, ಹೂ ಬಿಡುವವರೆಗೆ ಯಾವುದು ಏನೆಂದು ತಿಳಿಯುವುದಿಲ್ಲ. ನಾವು ನೆಟ್ಟವು ಬೀಜದ ಗಿಡಗಳು, ಮೊದಲ ಬಾರಿ ಹೂ ಬಿಡುತ್ತಿದ್ದವು. ನಾನೋ ಮಡಿಕೇರಿಯ ದೇವಿ ಗುಡಿಯೊಂದರ ಅರ್ಚಕರ ಮಗಳು. ಅಕ್ಕನ ಮನೆ ಉಳಿಸಲು ಹಂದಿ ಸಾರಿಗೆ ಹುಳಿ ಹೊಂದಿಸುವ ಕೆಲಸ ನನ್ನ ಹಣೆಯಲ್ಲಿ ಬರೆದಿತ್ತು ಎಂದು ಕಾಣುತ್ತದೆ.

ಹೂವಿನ ಕಾಲದಲ್ಲೇ ಗುರುತು ಮಾಡಿಟ್ಟುಕೊಂಡರೆ ಹೆಣ್ಣು ಮರಗಳಿಗೆ ಬಿಸಿಲು ಬಿಡಿಸಬಹುದು, ಬುಡಕ್ಕೆ ಗೊಬ್ಬರ ಕೊಡಬಹುದು, ಗಂಡು ಮರಗಳಲ್ಲಿ ಕೆಲವಕ್ಕೆ ಮುಂದಿನ ವರ್ಷ ತಲೆ ಕಡಿದು ಹೆಣ್ಣು ಕುಡಿ ಕಸಿ ಕಟ್ಟಬಹುದು ಎಂದು ಯೋಚಿಸಿದೆ. ಗಂಡು ಹೂ ಗೊಂಚಲಾಗಿ ಬರುತ್ತದೆ, ಒಳಗೆ ಕೇಸರಗಳ ಒಂದು ಸಣ್ಣ ಉಂಡೆ. ಹೆಣ್ಣು ಹೂ ಒಂಟಿಯಾಗಿ ಅಥವಾ ಒಂದೆರಡು ಜೊತೆಯಾಗಿ ಬರುತ್ತದೆ, ನಡುವೆ ಹಸಿರು ಕಾಯಿಯ ಮೊಳಕೆ. ಮರಕ್ಕೆ ಬಣ್ಣ ಬಳಿಯುವಂತಿಲ್ಲ, ಬಣ್ಣದ ಗುರುತು ಕಂಡರೆ ಮರ ಕಡಿಯುವವರು ತಮಗೇ ಹಾಕಿದ್ದು ಎಂದುಕೊಳ್ಳುತ್ತಾರೆ. ಹಾಗಾಗಿ ಬಟ್ಟೆ ಕಟ್ಟೋಣ ಎಂದುಕೊಂಡೆ. ನಮ್ಮ ಮನೆಯಲ್ಲಿ ಎರಡು ಬಟ್ಟೆಗೆ ಬರವಿಲ್ಲ. ಒಂದು ದೇವಿಗೆ ಬಂದು ಬೀರುವಿನಲ್ಲಿ ರಾಶಿ ಬಿದ್ದಿರುವ ಕೆಂಪು ರವಿಕೆ ಕಣ, ಇನ್ನೊಂದು ಅಪ್ಪನ ಹಳೆಯ ಬಿಳಿ ಪಂಚೆ. ಹೆಣ್ಣಿಗೆ ಕೆಂಪು, ಗಂಡಿಗೆ ಬಿಳಿ. ಪಟ್ಟಿಪಟ್ಟಿಯಾಗಿ ಹರಿದು ಚೀಲಕ್ಕೆ ತುಂಬಿಕೊಂಡು ಹೋದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಮೂರ್ನಾಲ್ಕು ಬೆಳಗು ಹಿಡಿಯಿತು. ಕೆಲವು ಮರಗಳಲ್ಲಿ ಎರಡೂ ತರಹದ ಹೂ ಇದ್ದಂತೆ ಕಂಡು ನಿಂತಲ್ಲೇ ನಿಂತೆ. ಕೆಳಗಿನ ಕೊಂಬೆ ಗಂಡು ಎನ್ನುತ್ತಿತ್ತು, ಮೇಲಿನದು ಏನೋ ಬೇರೆ ಎನ್ನುತ್ತಿತ್ತು. ಕೊನೆಗೆ ಹೆಚ್ಚು ಯಾವುದೋ ಅದನ್ನು ಒಪ್ಪಿಕೊಂಡು ಬಟ್ಟೆ ಕಟ್ಟಿದೆ.

ಮಾರ್ಚ್‌ನಲ್ಲಿ ಬರಬಾರದ ಮಳೆ ಬಂತು. ಕಾಫಿಗೆ ಬೇಕಾದ ಹೂಮಳೆಯಲ್ಲ, ಎರಡು ದಿನ ಬಿಡದೆ ಚಚ್ಚಿದ ಮಳೆ. ಕಾಚಂಪುಳಿ ಹೂವು ನೆಲದ ತುಂಬ ಹಾಸಿತ್ತು. ಉಳಿದದ್ದು ಕಾಯಿ ಕಚ್ಚುತ್ತದೋ ಇಲ್ಲವೋ ಎಂದು ನಾನು ವಾರಕ್ಕೊಮ್ಮೆ ಹೋಗಿ ನೋಡತೊಡಗಿದೆ. ಆಗಲೇ ಗುಡ್ಡದಲ್ಲಿ ಏನೋ ಬದಲಾಗಿದೆ ಎನಿಸಿತು, ಏನೆಂದು ತಿಳಿಯಲಿಲ್ಲ.

ಮೊದಲು ಕಂಡದ್ದು ಬೇಲಿಯ ಪಕ್ಕ ಸಾಲಾಗಿ ಬಿಟ್ಟ ಚಪ್ಪಲಿಗಳು. ಕೆಲಸದವರು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು. ಸಣ್ಣ ಸಸಿಗಳನ್ನು ತುಳಿಯಬಾರದೆಂದು ಇಷ್ಟು ಕಾಳಜಿ ಮಾಡುತ್ತಾರಲ್ಲ ಎಂದು ನನಗೆ ಹೆಮ್ಮೆಯಾಯಿತು, ಸಂಸ್ಥೆಯ ಸಭೆಯಲ್ಲಿ ಹೇಳಿಯೂ ಬಂದೆ. ಆಮೇಲೆ, ಮರಗಸಿಯ ಗುಂಪು ಬಂದು ನೆರಳಿನ ಕೊಂಬೆಗಳನ್ನು ಕಡಿದಾಗ ಇಡೀ ಗುಡ್ಡಕ್ಕೆ ಬಿಸಿಲು ಬಿತ್ತು, ಕೆಂಪು ಬಟ್ಟೆಯ ಮರಗಳ ಸುತ್ತ ಮಾತ್ರ ಒಂದು ಕೊಂಬೆಗೂ ಕತ್ತಿ ತಾಗಿರಲಿಲ್ಲ. ಬಿಸಿಲು ಬೇಕಾಗಿದ್ದದ್ದೇ ಅವಕ್ಕೆ. ಲೈನಿನ ಹೆಂಗಸರು ಸಂಜೆ ಚಕ್ರಮುನಿ ಕುಡಿ, ಕೆಸದ ಎಲೆ ಕೊಯ್ದು ಮಡಿಲಿಗೆ ಹಾಕಿಕೊಂಡು ಹೋಗುತ್ತಿದ್ದದ್ದು ನಿಂತಿತ್ತು. ಚಕ್ರಮುನಿ ಆಳೆತ್ತರ ಬೆಳೆದು ಬಲಿತುಹೋಗಿತ್ತು. ಕೆಲವು ಹೆಂಗಸರು ತಿಂಗಳಲ್ಲಿ ಕೆಲವು ದಿನ ಆ ಕಡೆಯ ಕೆಲಸಕ್ಕೇ ಬರುತ್ತಿರಲಿಲ್ಲ. ಯಾರಿಗಾದರೂ ನನ್ನ ಮೇಲೆ ಸಿಟ್ಟಿರಬಹುದೇ ಎಂದು ತಲೆ ಕೆಡಿಸಿಕೊಂಡೆ.

ಏಪ್ರಿಲ್ ಕೊನೆಯಲ್ಲಿ ಭಾವ ಜೆಸಿಬಿ ಆಪರೇಟರನ್ನು ಕರೆದುಕೊಂಡು ಬಂದರು. ಪಂತದ ಗಡುವು ಇನ್ನೂ ಇತ್ತು, ಬರೀ ದಾರಿ ನೋಡಿಕೊಂಡು ಹೋಗಲು ಎಂದರು. ಆಪರೇಟರ್ ಬೇಲಿಯವರೆಗೆ ಹೋದ, ಒಳಗೆ ಒಮ್ಮೆ ಇಣುಕಿದ, ಹಿಂದಿರುಗಿ ಬಂದು ಮಳೆಗಾಲ ಮುಗಿಯುವವರೆಗೆ ತನ್ನ ಮೆಷಿನ್ ಖಾಲಿ ಇಲ್ಲ ಎಂದ. ಮುಖ ಬಿಳಿಚಿಕೊಂಡಿತ್ತು. ಬಿಸಿಲಿಗೆ ಎಂದುಕೊಂಡೆ.

ಜೂನ್ ಬಂತು. ಕಾಯಿ ಕಚ್ಚಿದವು, ಪುಟ್ಟ ಕುಂಬಳಕಾಯಿಯಂತೆ ಗೆರೆಬಿದ್ದ ಹಸಿರು ಕಾಯಿಗಳು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಆದರೆ ಹತ್ತಿರ ಹೋಗಿ ನೋಡಿ ತಲೆ ಕೆರೆದುಕೊಂಡೆ. ಕೆಂಪು ಬಟ್ಟೆಯ ಮರಗಳಲ್ಲಿ ಕೆಲವು ಬೋಳಾಗಿದ್ದವು. ಗಂಡು ಎಂದು ನಾನೇ ಕೈಯಾರೆ ಬಿಳಿ ಬಟ್ಟೆ ಕಟ್ಟಿದ ಕೆಲವು ಮರಗಳಲ್ಲಿ ಕಾಯಿ ತೂಗುತ್ತಿತ್ತು. ಗಿಡಗಳ ಪಾಠ ಮಾಡುವ ಪರಿಚಯದ ಮೇಷ್ಟರಿಗೆ ಫೋನ್ ಮಾಡಿದೆ. ಈ ಜಾತಿಯಲ್ಲಿ ಕೆಲವು ಮರ ಎರಡೂ ಆಗಿರುವುದುಂಟು, ನೀವು ತಪ್ಪು ಕೊಂಬೆ ನೋಡಿರುವುದೂ ಇರಬಹುದು, ಹೂವಿನ ಫೋಟೋ ಕಳಿಸಿ ಎಂದರು. ಹೂವು ಮಣ್ಣಾಗಿ ಮೂರು ತಿಂಗಳಾಗಿತ್ತು.

ಜುಲೈಯಲ್ಲಿ ಹಣ್ಣು ಹಳದಿಯಾಗಿ ಉದುರತೊಡಗಿತು. ಆರಿಸಿ ತರಲು ಜನ ಕಳಿಸಿ ಎಂದು ರೈಟರಿಗೆ ಹೇಳಿದ್ದೆ. ರೈಟರ್ ಎಂದರೆ ತೋಟದಲ್ಲಿ ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವರು. ಹೋಗಿ ನೋಡಿದರೆ ಕೆಂಪು ಬಟ್ಟೆಯ ಮರಗಳ ಬುಡದಲ್ಲಿ ಹಣ್ಣು ಕೊಳೆತು ನೊಣ ಮುತ್ತುತ್ತಿತ್ತು. ಒಂದು ಬುಡದಲ್ಲಿ ಊದುಬತ್ತಿಯ ಕಡ್ಡಿಗಳೂ ಬಾಡಿದ ದಾಸವಾಳವೂ ಇತ್ತು. ನಾನು ರೈಟರ ಮೇಲೆ ರೇಗಿದೆ. ಅವರು ಕೊಡೆ ಮಡಚಿ, ಬೇಲಿಯ ಹೊರಗೇ ನಿಂತು, ತುಂಬಾ ದಿನದಿಂದ ಕೇಳಬೇಕೆಂದಿದ್ದವರ ಹಾಗೆ ಕೇಳಿದರು.

“ಮೇಡಂ, ಅದು ಯಾವ ದೇವರು ಅಂತ ನೀವು ಹೇಳಲೇ ಇಲ್ಲ ಅಲ್ಲಾ?”

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ವಿವರಿಸಿದರು. ಭಟ್ಟರ ಮಗಳು ಶುಕ್ರವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಬಂದರು. ಬರಿಗಾಲಲ್ಲಿ ಗುಡ್ಡ ಹತ್ತಿದರು. ಪ್ರತಿ ಮರದ ಎದುರು ನಿಂತು ಏನೋ ಮಣಮಣ ಹೇಳಿ, ಕೆಲವಕ್ಕೆ ಮಾತ್ರ ದೇವಿಯ ಕೆಂಪು ರವಿಕೆ ಕಣ ಕಟ್ಟಿದರು. ಗುಡ್ಡ ಮತ್ತೆ ಜಾರಬಾರದು ಎಂದು ಯಜಮಾನಿಯೇ ಮಾಡಿಸಿದ್ದು ಎಂದು ಎಲ್ಲರೂ ತಿಳಿದರು. ದೇವರಿಗೆ ಬಿಟ್ಟ ಮರದ ಎಲೆಯನ್ನೂ, ಅದರ ಕೆಳಗಿನ ಸೊಪ್ಪನ್ನೂ ಮುಟ್ಟಬಾರದು. ಆಪರೇಟರನೂ ಭಾವನ ಹತ್ತಿರ, ಬೇರೆ ಯಾರನ್ನಾದರೂ ನೋಡಿ, ಆ ಮರಕ್ಕೆ ನಾನು ಬಕೆಟ್ ತಾಗಿಸುವುದಿಲ್ಲ ಎಂದು ಹೇಳಿಯೇ ಹೋಗಿದ್ದನಂತೆ.

ಒದ್ದೆ ಕೂದಲು, ಶುಕ್ರವಾರ ನಮ್ಮನೆಯಲ್ಲಿ ತಲೆಸ್ನಾನ ಎಂಬ ಕಾರಣಕ್ಕೆ. ಬರಿಗಾಲು, ಚಪ್ಪಲಿ ಬೇರಿಗೆ ಸಿಕ್ಕಿ ಉಂಗುಷ್ಟ ಕಿತ್ತುಹೋದ ಕಾರಣಕ್ಕೆ. ಮಣಮಣ ಎಂದದ್ದು ಗಂಡೋ ಹೆಣ್ಣೋ, ಗಂಡೋ ಹೆಣ್ಣೋ ಎಂದು. ನಗು ಬಂತು, ಆದರೆ ನಗುವುದಕ್ಕೆ ಆಗಲಿಲ್ಲ. ಬಲಿತುಹೋದ ಚಕ್ರಮುನಿ, ಬೇಲಿಯ ಚಪ್ಪಲಿಗಳು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ತಿನ್ನುವ ಕಾಡು ಮಾಡಲು ಹೋಗಿ ಮುಟ್ಟದ ಕಾಡು ಮಾಡಿ ಕೂತಿದ್ದೆ.

ಅಕ್ಕನಿಗೆ ಓಡಿಹೋಗಿ ಹೇಳಿದೆ. ಅವರು ನನ್ನ ಹಾಗೆ ಗಾಬರಿಯಾಗಲಿಲ್ಲ. ಒಲೆಯ ಮುಂದೆ ಕೂತು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು. ಬಟ್ಟೆ ಇರುವವರೆಗೆ ಯಾವ ಆಪರೇಟರೂ ಗುಡ್ಡಕ್ಕೆ ಕಾಲಿಡುವುದಿಲ್ಲ. ಪಂತ ಸೋತರೂ ಗುಡ್ಡ ಉಳಿಯುತ್ತದೆ. ಹಣ್ಣು ಕೊಳೆತರೆ ಕೊಳೆಯಲಿ, ಅಂಗಡಿಯ ಕಾಚಂಪುಳಿ ಹಾಕಿ ಸಾರು ಮಾಡೋಣ, ನೀವು ಬಾಯಿ ಮುಚ್ಚಿಕೊಂಡಿರಿ ಎಂದರು. ಆ ಹಣ್ಣನ್ನು ಹೇಗೂ ಬಳಸುವಂತಿಲ್ಲ, ದೇವರದ್ದೋ ಅಲ್ಲವೋ ಎಂದು ಅನುಮಾನ ಇರುವುದನ್ನು ಹಂದಿ ಸಾರಿಗೆ ಹಾಕಲು ತನಗೂ ಕೈ ಬರುವುದಿಲ್ಲ ಎಂದೂ ಸೇರಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಮರ ಉಳಿಯುವುದೇ ತಾನೆ ನನ್ನ ಕೆಲಸ? ಹಾಗಿದ್ದೂ ಮನಸ್ಸು ಒಪ್ಪಲಿಲ್ಲ. ಲೈನಿನ ಹೆಂಗಸರ ಸೊಪ್ಪು ಕಿತ್ತುಕೊಂಡ ಹಾಗೆ ಅನಿಸುತ್ತಿತ್ತು. ಅದೂ ಅಪ್ಪನ ಗುಡಿಯ ಬಟ್ಟೆಯಿಂದ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಕಟ್ಟುವಾಗ ಏನು ಸಂಕಲ್ಪ ಮಾಡಿದೆ ಎಂದು. ಹೂವಿನ ಗಂಡು ಹೆಣ್ಣು ನೋಡಿದೆ ಎಂದೆ. ಹಾಗಾದರೆ ಅದು ಬರೀ ಬಟ್ಟೆ ಎಂದರು. ನನಗೆ ಸಮಾಧಾನವಾಗುವಷ್ಟರಲ್ಲಿ, ಆದರೆ ಬೇರೆಯವರು ಅಲ್ಲಿ ಹೂವಿಟ್ಟು ಕೈ ಮುಗಿದಿದ್ದಾರಲ್ಲ, ಅದು ಬರೀ ಬಟ್ಟೆ ಎಂದು ಅವರಿಗೆ ಹೇಳಲು ನನ್ನಿಂದಾಗದು, ಕಟ್ಟಿದವಳು ನೀನು ಎಂದು ಕಣ್ಣು ಮುಚ್ಚಿಕೊಂಡರು. ಕೂತಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಎದ್ದೆ. ಏನೂ ತೀರ್ಮಾನ ಮಾಡದೆ ದಿನ ತಳ್ಳಿದೆ. ಬಟ್ಟೆ ಮಳೆಗೆ ನೆನೆಯುತ್ತಿತ್ತು, ಹಣ್ಣು ಬೀಳುತ್ತಿತ್ತು.

ಒಂದು ದಿನ ಮಳೆ ಸ್ವಲ್ಪ ಬಿಟ್ಟಾಗ ಭಾವ ಬಂದರು. ಮಂಡಿ ನೋವಿನ ಮನುಷ್ಯ, ಕೊಡೆಯನ್ನೇ ಊರಿಕೊಂಡು ಬೇಲಿಯವರೆಗೆ ಹತ್ತಿದರು. ನಾನೂ ಅಕ್ಕನೂ ಅಲ್ಲೇ ಇದ್ದೆವು. ಅವರು ಕೆಂಪು ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. ಅವರ ದನಿಯಲ್ಲಿ ಛೇಡಿಸುವಿಕೆ ಇರಲಿಲ್ಲ.

“ನಾನು ಬೇರೆ ಯಾರನ್ನೂ ಕೇಳುದಿಲ್ಲ. ಕಟ್ಟಿದ್ದು ನೀವು. ಇದು ದೇವರಿಗೆ ಬಿಟ್ಟದ್ದಾ, ಅಲ್ಲವಾ? ನೀವು ಹೇಳಿದ್ದೇ ಆಯ್ತು.”

ಅಕ್ಕ ನನ್ನ ಹಿಂದೆ ಕೆಮ್ಮಿದರು. ಹೌದು ಎಂದರೆ ಸಾಕಿತ್ತು. ಹೌದು ಎನ್ನಲೂ ಬೇಕಾಗಿರಲಿಲ್ಲ, ಸುಮ್ಮನೆ ಕೈ ಮುಗಿದಿದ್ದರೂ ಆಗುತ್ತಿತ್ತು. ಆ ಕ್ಷಣದಲ್ಲಿ ನಾನು ದೊಡ್ಡ ಯೋಚನೆಯನ್ನೇನೂ ಮಾಡಲಿಲ್ಲ. ಬೇಲಿಯೊಳಗೆ ನನ್ನ ಎತ್ತರಕ್ಕೆ ಬೆಳೆದು ನಿಂತ ಚಕ್ರಮುನಿ ಕಣ್ಣಿಗೆ ಬಿತ್ತು. ಇದನ್ನು ಯಾರೂ ತಿನ್ನದಿದ್ದರೆ ನೆಟ್ಟದ್ದಾದರೂ ಯಾಕೆ ಎಂದು ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಿಲ್ಲ.

“ಅಲ್ಲ,” ಎಂದೆ. “ಹೆಣ್ಣು ಮರ ಅಂತ ನಾನು ಹಾಕಿದ ಗುರುತು ಅಷ್ಟೆ. ಅದರಲ್ಲೂ ಅರ್ಧ ತಪ್ಪಾಗಿದೆ.”

ಭಾವ ತಲೆಯಾಡಿಸಿದರು. ಕೊಡೆ ಊರಿಕೊಂಡು ಇಳಿದು ಹೋದರು. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

ಅಕ್ಕ ನನ್ನ ಕಡೆ ತಿರುಗಿದರು. “ನನ್ನ ಮನೆ ಮೇಲೆ ಗುಡ್ಡ ಬಿದ್ದಾಗ ನಿಮ್ಮ ಸತ್ಯ ಬಂದು ಮಣ್ಣು ಎತ್ತುತ್ತದಾ?” ಎಂದರು. ಅವರು ಮನೆಯೊಳಗೆ ಹೋದರು, ನನ್ನನ್ನು ಕಾಫಿಗೂ ಕರೆಯಲಿಲ್ಲ. ಆ ಮನೆಯಿಂದ ಕಾಫಿ ಕುಡಿಯದೆ ನಾನು ಹೊರಟದ್ದು ಅದೇ ಮೊದಲು. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು. ಮನೆಗೆ ಬಂದು ಮಳೆ ಜೋರಾದಾಗಲೆಲ್ಲ ಫೋನ್ ನೋಡುತ್ತಾ ಕೂತೆ. ಜೆಸಿಬಿ ಬಂತೆಂದು ರೈಟರ್ ಹೇಳುತ್ತಾರೇನೋ, ಗುಡ್ಡ ಬಂತೆಂದು ಹೇಳುತ್ತಾರೇನೋ ಎಂದು ಹೆದರಿಕೆ. ಎರಡೂ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೂ ತಿಳಿಯಲಿಲ್ಲ.

ಫೋನ್ ಬಂದದ್ದು ಅಕ್ಕನದ್ದು. ಬುಟ್ಟಿ ಇದ್ದರೆ ತನ್ನಿ ಎಂದರು. ಹೋದಾಗ ಮುಖ ಇನ್ನೂ ಗಂಟಾಗಿಯೇ ಇತ್ತು.

“ದೇವರ ದಾರಿ ನೀವು ಮುಚ್ಚಿದ್ರಿ. ಇನ್ನು ಉಳಿದದ್ದು ಸಾರಿನ ದಾರಿ ಒಂದೇ. ನಡೀರಿ.”

ಬಟ್ಟೆಗಳನ್ನೆಲ್ಲ ನಾನೇ ಬಿಚ್ಚಿದೆ, ಎಲ್ಲರಿಗೂ ಕಾಣುವಂತೆ, ಹಗಲು ಹೊತ್ತಿನಲ್ಲಿ. ಊದುಬತ್ತಿ ಇಟ್ಟ ಮರದ ಎದುರು ಮಾತ್ರ ಒಂದು ಕ್ಷಣ ತಡೆದೆ. ಆ ಬುಡಕ್ಕೆ ಕೈ ಮುಗಿದವರು ಯಾರೋ, ಏನು ಕೇಳಿಕೊಂಡಿದ್ದರೋ. ಮನಸ್ಸಿನಲ್ಲೇ ಕ್ಷಮೆ ಕೇಳಿ ಗಂಟು ಬಿಚ್ಚಿದೆ. ರೈಟರಿಗೆ ಎಲ್ಲವನ್ನೂ ವಿವರಿಸಿದೆ, ಹೂವಿನ ಚಿತ್ರ ಬಿಡಿಸಿಯೂ ತೋರಿಸಿದೆ. ಅವರು ಗಂಭೀರವಾಗಿ ಕೇಳಿ, ನೀವು ಹೇಳಿದ್ದು ಸರಿಯೇ ಇರಬಹುದು, ಆದರೂ ಯಾಕೆ ಸುಮ್ಮನೆ ಎಂದರು. ಬಿಳಿ ಬಟ್ಟೆ ಇದ್ದ ಮರಗಳಿಗೆ ಜನ ಸಲೀಸಾಗಿ ಹತ್ತಿದರು. ಕೆಂಪು ಬಟ್ಟೆ ಇದ್ದ ಮರಗಳ ಹಣ್ಣನ್ನು ನಾನು ಮತ್ತು ಅಕ್ಕ ಇಬ್ಬರೇ ಆರಿಸಿದೆವು, ಜಿಗಣೆ ಕಿತ್ತುಕೊಳ್ಳುತ್ತಾ, ಜಾರುತ್ತಾ, ಬೈದುಕೊಳ್ಳುತ್ತಾ. ಅವುಗಳಲ್ಲಿ ಹೆಚ್ಚಿನ ಹಣ್ಣು ಆಗಲೇ ಮಣ್ಣಾಗಿತ್ತು.

ಹಣ್ಣನ್ನು ಬಿದಿರು ಬುಟ್ಟಿಗೆ ತುಂಬಿ ಕೆಳಗೆ ಪಾತ್ರೆ ಇಟ್ಟು ಹಿತ್ತಲ ಕೊಟ್ಟಿಗೆಯಲ್ಲಿ ಬಿಟ್ಟೆವು. ಕೊಳೆಯುತ್ತಾ ಕೊಳೆಯುತ್ತಾ ರಸ ತಾನಾಗಿ ತೊಟ್ಟಿಕ್ಕಬೇಕು, ಹಿಂಡುವಂತಿಲ್ಲ. ಮನೆ ತುಂಬ ಹುಳಿ ವಾಸನೆ, ಸಣ್ಣ ನೊಣಗಳ ಮೋಡ. ಇಳಿದ ರಸವನ್ನು ಸೋಸಿ ಮಣ್ಣಿನ ಮಡಕೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸಬೇಕು. ಮೊದಲ ಸಲ ಉರಿ ಜೋರಾಗಿ ತಳ ಹಿಡಿಯಿತು. ಅಕ್ಕ ನಾಲಿಗೆಗೆ ತಾಗಿಸಿ ನೋಡಿ, ಮಡಕೆ ಸಮೇತ ಹೊರಗೆ ಚೆಲ್ಲಿದರು. ಉಳಿದ ರಸಕ್ಕೆ ಬೆಳಗಿನಿಂದ ಸಂಜೆಯವರೆಗೆ ಒಲೆ ಬಿಟ್ಟು ಏಳಲಿಲ್ಲ. ಅದು ಕೆಂಪಾಯಿತು, ಕಂದಾಯಿತು, ಕೊನೆಗೆ ಸೌಟಿನಿಂದ ದಾರವಾಗಿ ಇಳಿಯುವಷ್ಟು ಕಪ್ಪಾಯಿತು. ಅಷ್ಟು ಹಣ್ಣಿಗೆ ಸಿಕ್ಕಿದ್ದು ಒಂದು ಬಾಟಲಿ, ಅದೂ ಕತ್ತಿನವರೆಗೆ ಬರಲಿಲ್ಲ. ಅದರಲ್ಲಿ ಹೆಚ್ಚು ಪಾಲು ನಾನು ಗಂಡು ಎಂದು ತೀರ್ಮಾನಿಸಿದ್ದ ಮರಗಳದ್ದು.

ಕೈಲ್ ಮುಹೂರ್ತದ ದಿನ ಕೋವಿ, ಕತ್ತಿಗಳಿಗೆ ಪೂಜೆಯಾಗಿ ಎಲ್ಲರೂ ಊಟಕ್ಕೆ ಕೂತರು. ನನಗೆ ಜಗಲಿಯಲ್ಲಿ ಬೇರೆ ಎಲೆ ಹಾಕಿದ್ದರು. ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಕಾಯಿ ಚಟ್ನಿ, ಗುಡ್ಡದ ಬಿದಿರಿನ ಕಣಿಲೆ ಪಲ್ಯ. ಒಳಗೆ ಅಕ್ಕ ಭಾವನಿಗೆ ಬಾಟಲಿ ತೋರಿಸಿ ಸಾರು ಬಡಿಸುವುದು ಬಾಗಿಲಿನಿಂದ ಕಾಣುತ್ತಿತ್ತು. ಆ ಸಾರಿನ ರುಚಿ ನನಗೆ ಗೊತ್ತಾಗುವ ಹಾಗಿಲ್ಲ, ಭಾವನ ದವಡೆ ಆಡುವುದನ್ನೇ ನೋಡುತ್ತಾ ತಿನ್ನುವುದನ್ನು ಮರೆತೆ. ಅವರು ನಿಧಾನಕ್ಕೆ ತಿಂದರು. ಇನ್ನೊಮ್ಮೆ ಹಾಕಿಸಿಕೊಂಡರು. ಕೈ ತೊಳೆದು ಜಗಲಿಗೆ ಬಂದು ನನ್ನ ಎದುರಿನ ಬೆಂಚಿನಲ್ಲಿ ಕೂತರು. ಅಕ್ಕನೂ ಹಿಂದೆಯೇ ಬಂದರು.

ಗುಡ್ಡಕ್ಕೆ ರಸ್ತೆ ಬೇಡ ಎಂದರು ಭಾವ, ಎಲ್ಲೋ ನೋಡುತ್ತಾ. ಕಾಟೇಜ್ ಬೇಕಿದ್ದರೆ ಕೆಳಗೆ ಗೇಟಿನ ಹತ್ತಿರ ಕಟ್ಟಬಹುದು, ಎಲ್ಲರೆದುರು ಒಪ್ಪಿದ ಮಾತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಭಾವ ನನ್ನ ಕಡೆ ತಿರುಗಿದರು.

“ಅವತ್ತು ನೀವು ದೇವರದ್ದು ಅಂದಿದ್ರೆ ನಾನು ಎಂತ ಮಾಡ್ತಿದ್ದೆ ಗೊತ್ತುಂಟಾ?”

ಹಿಂದೆ ಹೋಗುತ್ತಿದ್ದಿರಿ ಎಂದೆ. ಅವರು ನಕ್ಕರು. ಬೇಲಿಯ ಹತ್ತಿರ ನನ್ನನ್ನು ಕೇಳುವುದಕ್ಕೆ ಒಂದೆರಡು ದಿನ ಮೊದಲು ಮಡಿಕೇರಿಯ ಒಂದು ಗುಡಿಗೆ ಹೋಗಿ, ದೇವರಿಗೆ ಬಿಟ್ಟ ಮರವನ್ನು ಬಿಡಿಸಿಕೊಳ್ಳುವ ಕ್ರಮ ಏನೆಂದು ಅರ್ಚಕರನ್ನು ಕೇಳಿಕೊಂಡು ಬಂದಿದ್ದರಂತೆ. ಯಾವ ಮರ, ಯಾರದ್ದು ಎಂದು ಹೇಳಿರಲಿಲ್ಲ. ಬುಡಕ್ಕೆ ಒಂದು ತೆಂಗಿನಕಾಯಿ ಒಡೆದು, ತಪ್ಪಾಯಿತು ಎಂದು ಹೇಳಿ ಬಟ್ಟೆ ಬಿಚ್ಚಿದರೆ ಆಯಿತು ಎಂದಿದ್ದರಂತೆ ಅರ್ಚಕರು. ಅದು ನಿಮ್ಮಪ್ಪ ಎಂದು ಗೊತ್ತಾದದ್ದು ಆಮೇಲೆ ಎಂದರು ಭಾವ.

“ಕಾಯಿ ಕಾರಲ್ಲೇ ಇತ್ತು. ಬೇರೆ ಆಪರೇಟರಿಗೆ ಮರುದಿನ ಬೆಳಿಗ್ಗೆ ಬರ್ಲಿಕ್ಕೆ ಹೇಳಿಯೂ ಆಗಿತ್ತು. ದೇವರ ಹಣ್ಣು ಸಾರಿಗೆ ಬೀಳುದಿಲ್ಲ, ಬೆಟ್ ಅಲ್ಲಿಗೇ ಮುಗೀತಿತ್ತು, ಗೆಲ್ತಿದ್ದದ್ದು ನಾನೇ. ನೀವು ಅಲ್ಲ ಅಂದ್ರಿ. ಹಾಗಾದ್ರೆ ಹಣ್ಣು ಉಂಟು, ಬೆಟ್ ಉಂಟು ಅಂತ ಸುಮ್ಮನೆ ಕಾದೆ.”

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಕೈಯ ಚಟ್ನಿ ಪಾತ್ರೆ ವಾಲಿತ್ತು. ಆ ಕಾಯಿ ಏನಾಯಿತು ಎಂದಷ್ಟೇ ಕೇಳಿದೆ.

“ಇಷ್ಟು ದಿನ ಡಿಕ್ಕಿಯಲ್ಲಿ ಉರುಳ್ತಾ ಇತ್ತು. ಇವತ್ತು ಬೆಳಿಗ್ಗೆ ಅಡುಗೆಮನೆಗೆ ಕೊಟ್ಟೆ,” ಎಂದು ಭಾವ ನನ್ನ ಎಲೆಯ ಕಡೆ ಕೈ ತೋರಿಸಿದರು.

ಎಲೆಯಲ್ಲಿದ್ದ ಚಟ್ನಿಯನ್ನು ನೋಡಿದೆ. ತಿನ್ನಬಹುದೋ ತಿನ್ನಬಾರದೋ ಎಂದು ತಿಳಿಯದೆ ಬೆರಳು ಅಲ್ಲೇ ನಿಂತಿತು. ಅಕ್ಕ ಬಂದು ಇನ್ನೊಂದು ಚಮಚ ಬಡಿಸಿದರು. ನಾನು ತಿಂದೆ.